ಹೋಮ್‌ಸ್ಟೇಗೆ ವಾಲಂಟಿಯರ್ ಕರೆಸುವ ಮುನ್ನ: ಊಟ-ವಸತಿಗೆ ಕೆಲಸ ಎಂಬ ಒಪ್ಪಂದವನ್ನು ನೇರವಾಗಿ ಮಾಡಿಕೊಳ್ಳುವ ಬಗೆ

ಮಲೆನಾಡು, ಕೊಡಗು, ಕರಾವಳಿಯ ನಾಲ್ಕೈದು ರೂಮಿನ ಹೋಮ್‌ಸ್ಟೇಗಳಲ್ಲಿ ಸಂಬಳದ ಬದಲು ಊಟ-ವಸತಿ ಕೊಟ್ಟು ಕೆಲವು ವಾರ ವಾಲಂಟಿಯರ್‌ಗಳನ್ನು ಇಟ್ಟುಕೊಳ್ಳುವ ರೂಢಿ ಬೆಳೆಯುತ್ತಿದೆ. ಕಾಲೇಜು ಮುಗಿಸಿದವರು, ಎರಡು ಕೆಲಸಗಳ ನಡುವೆ ಬಿಡುವಿರುವವರು, ಒಂದು ಊರಲ್ಲಿ ನೆಮ್ಮದಿಯಾಗಿ ಸ್ವಲ್ಪ ದಿನ ಇರಬೇಕು ಅನ್ನುವವರು ಬರುತ್ತಾರೆ. ಒಳ್ಳೆಯ ಹುಡುಗ-ಹುಡುಗಿಯರು ಸಿಕ್ಕರೆ ಮನೆಗೆ ಜೀವ ಬರುತ್ತದೆ. ಆದರೆ ಹತ್ತೇ ದಿನಕ್ಕೆ ಮುಖ ಊದಿಸಿಕೊಂಡು ಬ್ಯಾಗು ಕಟ್ಟಿದವರ ಕಥೆಗಳೂ ಬೇಕಾದಷ್ಟಿವೆ. ಅಂಥ ಕಡೆ ವಿಚಾರಿಸಿ ನೋಡಿ, ಕಾರಣ ಸಾಮಾನ್ಯವಾಗಿ ಒಂದೇ: ಯಾವ ಕೆಲಸ, ದಿನಕ್ಕೆ ಎಷ್ಟು ಗಂಟೆ, ರಜೆ ಯಾವಾಗ ಎಂಬುದನ್ನು ಮಾಲೀಕರೇ ಮೊದಲು ತೀರ್ಮಾನಿಸಿರುವುದಿಲ್ಲ. "ಮನೆಯವರ ಹಾಗೆ ಇರಿ, ಸ್ವಲ್ಪ ಸಹಾಯ ಮಾಡಿ" ಅಂದರೆ ಕೇಳುವವರಿಗೆ ಒಂದು ಅರ್ಥ, ಹೇಳುವವರಿಗೆ ಇನ್ನೊಂದು.

ಮೊದಲು ಕೆಲಸವನ್ನು ಗಂಟೆಯಲ್ಲಿ ಬರೆಯಿರಿ

ಒಂದು ವಾರ ಒಂದು ನೋಟ್‌ಬುಕ್ ಇಟ್ಟುಕೊಂಡು, ನಿಮ್ಮಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದುಕೊಳ್ಳಿ. ಒಂದು ರೂಮ್ ಚೆಕ್‌ಔಟ್ ಆದಮೇಲೆ ಬೆಡ್‌ಶೀಟ್ ಬದಲಿಸಿ, ಬಾತ್‌ರೂಮ್ ತೊಳೆದು, ಕಸ ತೆಗೆದು, ನೀರಿನ ಬಾಟಲಿ ಇಡುವುದಕ್ಕೆ ಕೈ ಪಳಗಿದವರಿಗೆ ಅರ್ಧ ಗಂಟೆ ಬೇಕು, ಹೊಸಬರಿಗೆ ಮುಕ್ಕಾಲು ಗಂಟೆ. ಭಾನುವಾರ ಐದು ರೂಮ್ ಒಟ್ಟಿಗೆ ಖಾಲಿಯಾದರೆ ಒಬ್ಬರಿಗೆ ಅದೇ ಆ ದಿನದ ಹೆಚ್ಚಿನ ಪಾಲು. ಬೆಳಗಿನ ತಿಂಡಿ ಬಡಿಸುವುದು, ಟೇಬಲ್ ಒರೆಸುವುದು ಎರಡು ಗಂಟೆ. ಫೋನ್ ಮತ್ತು ವಾಟ್ಸಾಪ್ ವಿಚಾರಣೆಗೆ ಉತ್ತರಿಸುವುದು ದಿನಕ್ಕೆ ಒಂದು ಗಂಟೆ. ಅತಿಥಿಗಳನ್ನು ತೋಟ ಸುತ್ತಿಸಿ ಕಾಫಿ, ಮೆಣಸು, ಏಲಕ್ಕಿ ತೋರಿಸುವುದಕ್ಕೆ ಒಂದೂವರೆ ಗಂಟೆ.

ಈ ಪಟ್ಟಿಯಲ್ಲಿ ಮೂರು ವಾರಕ್ಕೆ ಬಂದು ಹೋಗುವ ಹೊಸಬರು ಮಾಡಬಹುದಾದ ಕೆಲಸಗಳಿಗೆ ಮಾತ್ರ ಗುರುತು ಹಾಕಿ. ಅತಿಥಿಗಳನ್ನು ಬರಮಾಡಿಕೊಳ್ಳುವುದು, ರೂಮ್ ಸಿದ್ಧ ಮಾಡುವುದು, ಫೋಟೋ ತೆಗೆಯುವುದು, ಇನ್‌ಸ್ಟಾಗ್ರಾಮ್ ನೋಡಿಕೊಳ್ಳುವುದು, ಕೈತೋಟ, ಗೋಡೆಗೆ ಬಣ್ಣ, ಸಂಜೆ ಮಕ್ಕಳಿಗೆ ಆಟ ಆಡಿಸುವುದು, ಇವೆಲ್ಲ ಸರಿ. ಕ್ಯಾಶ್ ಲೆಕ್ಕ, ರಾತ್ರಿ ಕಾವಲು, ಗ್ಯಾಸ್ ಸಿಲಿಂಡರ್ ಬದಲಿಸುವುದು, ಕಳೆ ಕೊಚ್ಚುವ ಯಂತ್ರ, ಮರ ಹತ್ತುವುದು, ಅತಿಥಿಗಳನ್ನು ಜೀಪಿನಲ್ಲಿ ಕರೆದೊಯ್ಯುವುದು ಬೇಡ. ಅಡುಗೆಯಲ್ಲೂ ಎಚ್ಚರ ಇರಲಿ. ಅತಿಥಿಗಳಿಗೆ ಊಟ ಮಾರುವ ಮನೆ ಆಹಾರ ಸುರಕ್ಷತಾ ನೋಂದಣಿಯ ವ್ಯಾಪ್ತಿಗೆ ಬರುತ್ತದೆ, ಅಡುಗೆ ಮುಟ್ಟುವವರಿಗೆ ವೈದ್ಯಕೀಯ ತಪಾಸಣೆ ಆಗಿರಬೇಕು. ವಾಲಂಟಿಯರ್ ಅಕ್ಕಿರೊಟ್ಟಿ ತಟ್ಟಲು ಕಲಿಯಲಿ, ಮನೆಯವರ ಜೊತೆ ತಿನ್ನಲಿ. ಅತಿಥಿಗಳ ಅಡುಗೆಯ ಜವಾಬ್ದಾರಿ ಮಾತ್ರ ನಿಮ್ಮ ಅಡುಗೆಯವರದ್ದೇ ಆಗಿರಲಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಸಂಬಳಕ್ಕೆ ಬರುತ್ತಿದ್ದ ಊರಿನ ಹೆಂಗಸನ್ನು ಬಿಡಿಸಿ ಆ ಜಾಗಕ್ಕೆ ಪುಕ್ಕಟೆ ಕೈ ತರುವುದು ವಾಲಂಟಿಯರ್ ಪದ್ಧತಿ ಅಲ್ಲ. ಊರಲ್ಲಿ ನಿಮ್ಮ ಹೆಸರು ಕೆಡುತ್ತದೆ. ವರ್ಷವಿಡೀ ನಡೆಯುವ ಖಾಯಂ ಕೆಲಸಕ್ಕೆ ವಾಲಂಟಿಯರ್ ಎಂಬ ಹೆಸರಿಟ್ಟರೂ ಕಾನೂನಿನ ಕಣ್ಣಲ್ಲಿ ಅದು ಕನಿಷ್ಠ ವೇತನ ಕೊಡಬೇಕಾದ ಕೆಲಸವೇ ಆಗಬಹುದು. ಕೆಲಸದವರಿಗೆ ಆಸರೆಯಾಗುವಂತೆ ವಾಲಂಟಿಯರ್ ಕೆಲಸ ಹಂಚಿ.

ವಾರಕ್ಕೆ 25 ಗಂಟೆ, ಅದಕ್ಕಿಂತ ಹೆಚ್ಚಿಲ್ಲ

ಊಟ-ವಸತಿಗೆ ಕೆಲಸ ಮಾಡುವವರನ್ನು ಮಾಲೀಕರ ಜೊತೆ ಜೋಡಿಸುವ ವರ್ಕ್‌ಅವೇ ಜಾಲತಾಣದಲ್ಲಿ ಚಾಲ್ತಿಯಲ್ಲಿರುವ ಅಳತೆ ದಿನಕ್ಕೆ 5 ಗಂಟೆ, ವಾರಕ್ಕೆ 5 ದಿನ. ಇದನ್ನೇ ಮೇಲ್ಮಿತಿಯಾಗಿ ಇಟ್ಟುಕೊಳ್ಳಿ. ನಮ್ಮ ಕಡೆ ಜನ ಬರುವುದು ಶುಕ್ರವಾರ ಸಂಜೆ, ಹೋಗುವುದು ಭಾನುವಾರ ಮಧ್ಯಾಹ್ನ. ಹಾಗಾಗಿ ದಿನಕ್ಕೆ ಐದೈದು ಗಂಟೆ ಅಂತ ಸಮನಾಗಿ ಹಂಚಿದರೆ ಶನಿವಾರ ಕೈ ಸಾಲದು, ಬುಧವಾರ ಕೆಲಸ ಇರದು. ಗುರುವಾರ 4, ಶುಕ್ರವಾರ 5, ಶನಿವಾರ 6, ಭಾನುವಾರ 6, ಸೋಮವಾರ 4, ಒಟ್ಟು 25. ಮಂಗಳವಾರ, ಬುಧವಾರ ಪೂರ್ತಿ ರಜೆ. ಎರಡು ದಿನ ಜೋಡಿಯಾಗಿ ರಜೆ ಸಿಕ್ಕರೆ ಶೃಂಗೇರಿಯೋ, ಬೇಲೂರೋ, ಆಗುಂಬೆಯೋ ನೋಡಿ ಬರಬಹುದು. ಅವರು ಬಂದಿರುವುದೇ ಅದಕ್ಕೆ. ರಜೆಯನ್ನು ಅರ್ಧರ್ಧ ದಿನ ಒಡೆದು ಕೊಡಬೇಡಿ.

ಕೊಡುವುದು ತೆಗೆದುಕೊಳ್ಳುವುದು ಸರಿಸಮ ಇದೆಯಾ ಎಂದು ನೋಡಲು ಒಂದು ಸುಲಭದ ಲೆಕ್ಕವಿದೆ. ಒಬ್ಬರ ಮೂರು ಹೊತ್ತಿನ ಊಟ-ತಿಂಡಿ-ಕಾಫಿಗೆ ದಿನಕ್ಕೆ ₹200, ಹಾಸಿಗೆಯ ಬೆಲೆ ₹150 ಎಂದು ಇಟ್ಟುಕೊಂಡರೆ ವಾರಕ್ಕೆ ₹2,450. 25 ಗಂಟೆಯಿಂದ ಭಾಗಿಸಿದರೆ ಗಂಟೆಗೆ ₹98. ನಿಮ್ಮೂರ ದಿನಗೂಲಿ 8 ಗಂಟೆಗೆ ₹600 ಇದ್ದರೆ ಗಂಟೆಗೆ ₹75 ಆಯಿತು. ಒಪ್ಪಂದ ನ್ಯಾಯವಾಗಿದೆ. ಆದರೆ ಮಲಗಲು ರೂಮ್ ಕೊಡದೆ ಊಟದ ಹಾಲಿನಲ್ಲಿ ಚಾಪೆ ಹಾಕಿಕೊಟ್ಟರೆ ₹150ನ್ನು ಲೆಕ್ಕದಿಂದ ತೆಗೆಯಬೇಕು. ಆಗ ಗಂಟೆಗೆ ₹56ಕ್ಕೆ ಇಳಿಯುತ್ತದೆ, ಅಂದರೆ ಕೂಲಿಗಿಂತ ಕಡಿಮೆ. ನಿಮ್ಮ ಅಂಕಿಗಳನ್ನು ಹಾಕಿ ನೋಡಿ. ತಕ್ಕಡಿ ವಾಲಂಟಿಯರ್ ಕಡೆ ಇಳಿಯದಿದ್ದರೆ ಗಂಟೆ ಕಡಿಮೆ ಮಾಡಿ, ಇಲ್ಲವೇ ವಾಪಸ್ ಹೋಗುವ ಬಸ್ ಚಾರ್ಜ್ ನೀವೇ ಕೊಡಿ.

ಕೊಡುವ ಜಾಗ

ಒಳಗಿನಿಂದ ಚಿಲಕ ಹಾಕುವ ಬಾಗಿಲು, ಮಂಚ, ಒಣಗಿದ ಹಾಸಿಗೆ, ಸೊಳ್ಳೆಪರದೆ, ಎರಡು ಚಾರ್ಜಿಂಗ್ ಪಾಯಿಂಟ್, ಬೀಗ ಹಾಕುವ ಕಪಾಟು, ಬಿಸಿನೀರು. ಇಷ್ಟು ಇಲ್ಲದೆ ಕರೆಯಬೇಡಿ. ಹೆಣ್ಣುಮಕ್ಕಳಿಗೆ ಬೇರೆ ರೂಮ್, ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ದೀಪ ಇರಬೇಕು. ವಾರಾಂತ್ಯದಲ್ಲಿ ಅತಿಥಿ ಜಾಸ್ತಿಯಾದರು ಅಂತ ವಾಲಂಟಿಯರ್ ರೂಮನ್ನು ಬಿಡಿಸಿ ಮಾರುವ ಅಭ್ಯಾಸ ಹಲವು ಕಡೆ ಇದೆ. ಇದೊಂದನ್ನು ಮಾಡಿದರೆ ಉಳಿದ ಎಲ್ಲ ಒಳ್ಳೆಯತನವೂ ನೀರಲ್ಲಿ ಹೋಮ ಮಾಡಿದಂತೆ.

ಮಳೆಗಾಲದಲ್ಲಿ ಕರೆಸುವುದಾದರೆ ಬಟ್ಟೆ ಒಣಗಿಸುವ ಜಾಗ ಬೇಕೇ ಬೇಕು. ಜುಲೈನಲ್ಲಿ ಸಕಲೇಶಪುರ, ಕೊಪ್ಪ, ತೀರ್ಥಹಳ್ಳಿ ಕಡೆ ಜೀನ್ಸ್ ಪ್ಯಾಂಟು ವಾರವಾದರೂ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿಕೊಡಿ. ಇಂಬಳಕ್ಕೆ (ಜಿಗಣೆಗೆ) ಉದ್ದ ಕಾಲುಚೀಲ, ಸುಣ್ಣ ಅಥವಾ ಉಪ್ಪು, ಗಮ್‌ಬೂಟು ಒಂದೆರಡು ಅಳತೆಯವು ಮನೆಯಲ್ಲಿರಲಿ.

ಯಾರನ್ನು ಕರೆಯಬಹುದು

ಹದಿನೆಂಟು ತುಂಬಿದವರನ್ನು ಮಾತ್ರ. ಪಿಯುಸಿ ಮುಗಿಸಿದ ಹುಡುಗರು ಕೇಳುತ್ತಾರೆ. ವಯಸ್ಸಿನ ದಾಖಲೆ ನೋಡದೆ ಹೂಂ ಅನ್ನಬೇಡಿ.

ವಿದೇಶಿಯರ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಇ-ಟೂರಿಸ್ಟ್ ವೀಸಾದ ಮೇಲೆ ಹೆಚ್ಚೆಂದರೆ ಒಂದು ತಿಂಗಳ ಅಲ್ಪಾವಧಿ ಸ್ವಯಂಸೇವೆಗೆ ಅವಕಾಶವಿದೆ ನಿಜ. ಆದರೆ ಅದಕ್ಕೆ ಪ್ರತಿಯಾಗಿ ಹಣವಾಗಲಿ, ಬೇರೆ ಯಾವುದೇ ರೂಪದ ಪ್ರತಿಫಲವಾಗಲಿ ಇರಕೂಡದು ಎಂಬ ಷರತ್ತೂ ಅದೇ ಸಾಲಿನಲ್ಲಿದೆ. ಕೆಲಸಕ್ಕೆ ಬದಲಾಗಿ ಊಟ-ವಸತಿ ಎನ್ನುವುದು ಪ್ರತಿಫಲವೇ. ಜಾಲತಾಣದಲ್ಲಿ ಹೆಸರಿದೆ, ಎಲ್ಲರೂ ಮಾಡುತ್ತಾರೆ ಎಂಬುದು ತಪಾಸಣೆಗೆ ಬಂದವರ ಮುಂದೆ ಉತ್ತರವಾಗುವುದಿಲ್ಲ. ತೊಂದರೆ ಮೊದಲು ತಟ್ಟುವುದು ಆ ಪ್ರವಾಸಿಗೆ. ಆದ್ದರಿಂದ ಕೆಲಸದ ಒಪ್ಪಂದವನ್ನು ಭಾರತೀಯರ ಜೊತೆ ಮಾತ್ರ ಮಾಡಿಕೊಳ್ಳಿ. ವಿದೇಶಿಯರು ಬರಲಿ, ದುಡ್ಡು ಕೊಟ್ಟು ಅತಿಥಿಯಾಗಿ ಇರಲಿ. ಅವರು ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ವ್ಯವಸ್ಥೆಯಲ್ಲಿ ಮಾಹಿತಿ ತುಂಬಬೇಕು. ರೂಢಿಯಲ್ಲಿ ಸಿ-ಫಾರಂ ಅನ್ನುವುದು ಇದಕ್ಕೇ. 1946ರ ಹಳೆಯ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದಿದೆ, ಮಾಹಿತಿ ಕೊಡುವ ಹೊಣೆ ಮಾತ್ರ ಹಾಗೇ ಇದೆ.

ಜಾಹೀರಾತಿನಲ್ಲಿ ಕಷ್ಟವನ್ನೂ ಬರೆಯಿರಿ

"ಪ್ರಕೃತಿಯ ಮಡಿಲಲ್ಲಿ ಹೊಸ ಅನುಭವ" ಎಂದು ಬರೆದರೆ ಅರ್ಜಿ ನೂರು ಬರಬಹುದು. ಅದರಲ್ಲಿ ತೊಂಬತ್ತು ಮಂದಿ ಪುಕ್ಕಟೆ ರಜೆ ಹುಡುಕುವವರು. ಜಾಹೀರಾತು ಎಂದರೆ ಜರಡಿ, ಬೇಡದವರನ್ನು ಅಲ್ಲೇ ಉದುರಿಸಬೇಕು. ಹೀಗೆ ಬರೆಯಬಹುದು:

"ಮೂಡಿಗೆರೆ ತಾಲೂಕಿನ ಕಾಫಿ ತೋಟದೊಳಗೆ 5 ರೂಮಿನ ಹೋಮ್‌ಸ್ಟೇ. ಜನವರಿ 5ರಿಂದ ಫೆಬ್ರವರಿ 2ರವರೆಗೆ ಇಬ್ಬರು ವಾಲಂಟಿಯರ್ ಬೇಕು. ವಾರಕ್ಕೆ 25 ಗಂಟೆ ಕೆಲಸ: ರೂಮ್ ಸಿದ್ಧತೆ (ಬಾತ್‌ರೂಮ್ ತೊಳೆಯುವುದೂ ಸೇರಿ), ತಿಂಡಿ ಬಡಿಸುವುದು, ಅತಿಥಿಗಳ ಜೊತೆ ತೋಟದ ನಡಿಗೆ. ಶನಿವಾರ, ಭಾನುವಾರ ರಜೆ ಸಿಗುವುದಿಲ್ಲ. ಮಂಗಳವಾರ, ಬುಧವಾರ ರಜೆ. ಮೂರು ಹೊತ್ತು ಮನೆ ಊಟ, ಇಬ್ಬರಿಗೆ ಒಂದು ರೂಮ್ (ಹೆಣ್ಣುಮಕ್ಕಳು ಮತ್ತು ಗಂಡುಮಕ್ಕಳಿಗೆ ಪ್ರತ್ಯೇಕ). ಬಸ್ ನಿಲ್ಲುವ ಜಾಗದಿಂದ 3 ಕಿಲೋಮೀಟರ್ ಮಣ್ಣುರಸ್ತೆ. ಒಂದೇ ಕಂಪನಿಯ ಸಿಮ್‌ಗೆ ಸಿಗ್ನಲ್, ವೈಫೈ ಕರೆಂಟ್ ಇದ್ದಾಗ ಮಾತ್ರ. ಬೆಳಗಿನ ಚಳಿ ಜೋರು. ನಾಯಿಗಳಿವೆ. ಮದ್ಯಪಾನ, ಧೂಮಪಾನ ಮನೆಯ ಆವರಣದಲ್ಲಿ ಇಲ್ಲ. ಕನ್ನಡ ಸ್ವಲ್ಪವಾದರೂ ಬಂದರೆ ಒಳ್ಳೆಯದು. ನೋಂದಣಿ ಶುಲ್ಕ, ಠೇವಣಿ ಇಲ್ಲ. ಬರೆಯುವಾಗ ನಿಮಗೆ ಯಾವ ಕೆಲಸ ಇಷ್ಟವಿಲ್ಲ ಎಂಬುದನ್ನೂ ತಿಳಿಸಿ."

ಕೊನೆಯ ಸಾಲನ್ನು ಬಿಡಬೇಡಿ. ಅದಕ್ಕೆ ಉತ್ತರಿಸದವರು ಜಾಹೀರಾತನ್ನೇ ಓದಿಲ್ಲ ಎಂದು ತಿಳಿಯುತ್ತದೆ. "ಬಾತ್‌ರೂಮ್ ತೊಳೆಯುವುದು ಕಷ್ಟ, ಆದರೆ ಮಕ್ಕಳನ್ನು ಎಷ್ಟು ಹೊತ್ತು ಬೇಕಾದರೂ ನೋಡಿಕೊಳ್ಳುತ್ತೇನೆ" ಎಂದು ಬರೆದವರು "ಎಲ್ಲಾ ಕೆಲಸವೂ ಇಷ್ಟ" ಎಂದವರಿಗಿಂತ ಭರವಸೆಯವರು. ಫೋಟೋ ಹಾಕುವಾಗ ಅತಿಥಿಗಳ ರೂಮಿನದ್ದಲ್ಲ, ವಾಲಂಟಿಯರ್ ಮಲಗುವ ರೂಮಿನದ್ದೇ ಹಾಕಿ.

ಎಲ್ಲಿ ಹಾಕುವುದು? ವರ್ಕ್‌ಅವೇ, ವರ್ಲ್ಡ್‌ಪ್ಯಾಕರ್ಸ್ ತಾಣಗಳಲ್ಲಿ ಭಾರತೀಯರೂ ಇದ್ದಾರೆ. ಸಾವಯವ ತೋಟವಿದ್ದು ಕೆಲಸ ಹೆಚ್ಚಾಗಿ ಮಣ್ಣಿನದೇ ಆದರೆ 1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ವೂಫ್ ಜಾಲ ಹೆಚ್ಚು ಹೊಂದುತ್ತದೆ, ರೂಮ್ ಗುಡಿಸುವ ಕೆಲಸಕ್ಕೆ ಅದನ್ನು ಬಳಸುವುದು ಸರಿಯಲ್ಲ. ಇವೆಲ್ಲಕ್ಕಿಂತ ಚೆನ್ನಾಗಿ ಫಲ ಕೊಡುವುದು ಹಳೆಯ ಅತಿಥಿಗಳಿಗೆ ಕಳಿಸುವ ವಾಟ್ಸಾಪ್ ಮೆಸೇಜು. ನಿಮ್ಮ ಮನೆ, ರಸ್ತೆ, ಚಳಿ ಎಲ್ಲ ನೋಡಿದವರು ತಮ್ಮ ತಂಗಿಯನ್ನೋ ಸ್ನೇಹಿತನನ್ನೋ ಕಳಿಸುವಾಗ ಅರ್ಧ ವಿಷಯ ಅವರೇ ಹೇಳಿರುತ್ತಾರೆ. ಪ್ರವಾಸೋದ್ಯಮ, ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಸುವ ಕಾಲೇಜುಗಳ ಉಪನ್ಯಾಸಕರಿಗೂ ಹೇಳಿಡಿ. ಬೇಕಾದ ದಿನಕ್ಕಿಂತ ಆರು ವಾರ ಮುಂಚೆ ಹಾಕಿ. ಹದಿನೈದು ದಿನ ಮುಂಚೆ ಹಾಕಿದರೆ ಸಿಗುವುದು ಬೇರೆಲ್ಲೂ ಸಿಗದೆ ಉಳಿದವರು.

ಆಯ್ಕೆ: ಒಂದು ಪತ್ರ, ಒಂದು ವಿಡಿಯೋ ಕಾಲ್

ಬರಹ ನೋಡಿ ಆರೇಳು ಜನರನ್ನು ಉಳಿಸಿಕೊಂಡು ಒಬ್ಬೊಬ್ಬರ ಜೊತೆ ಇಪ್ಪತ್ತು ನಿಮಿಷ ವಿಡಿಯೋ ಕಾಲ್‌ನಲ್ಲಿ ಮಾತಾಡಿ. ಫೋನ್ ಹಿಡಿದು ಮನೆ ತೋರಿಸಿ: ಅವರ ರೂಮ್, ಬಾತ್‌ರೂಮ್, ಅಡುಗೆಮನೆ, ಬಾವಿ ಕಟ್ಟೆ. ಸಂದರ್ಭ ಕೊಟ್ಟು ಕೇಳಿದರೆ ಮನುಷ್ಯ ಗೊತ್ತಾಗುತ್ತಾನೆ. "ರಾತ್ರಿ ಹತ್ತಕ್ಕೆ ಅತಿಥಿಗಳು ಜೋರಾಗಿ ಹಾಡು ಹಾಕಿದ್ದಾರೆ, ನಾನು ಮನೆಯಲ್ಲಿಲ್ಲ, ಏನು ಮಾಡುತ್ತೀರಿ?" "ಮೂರು ದಿನ ಬಿಡದೆ ಮಳೆ, ಕರೆಂಟ್ ಇಲ್ಲ, ಹೊತ್ತು ಹೇಗೆ ಕಳೆಯುತ್ತೀರಿ?" ಹಿಂದೆ ಮನೆಯಿಂದ ದೂರ ಎಷ್ಟು ದಿನ ಇದ್ದರು, ಊಟದಲ್ಲಿ ಏನು ಆಗುವುದಿಲ್ಲ, ಔಷಧಿ ಅಥವಾ ಅಲರ್ಜಿ ಏನಾದರೂ ಇದೆಯೇ ಎಂಬುದನ್ನೂ ಕೇಳಿ. ಜಾತಿ, ಮದುವೆ, ಮನೆಯವರ ಆದಾಯ ನಿಮಗೆ ಬೇಡದ ವಿಷಯಗಳು.

ಅವರೂ ನಿಮ್ಮನ್ನು ಪರೀಕ್ಷಿಸಲಿ. ಹಿಂದಿನ ವಾಲಂಟಿಯರ್ ಒಬ್ಬರ ಒಪ್ಪಿಗೆ ಪಡೆದು ಅವರ ಜೊತೆ ಮಾತಾಡಿಸಿ. ಇದಕ್ಕೆ ಹಿಂಜರಿಯುವ ಮಾಲೀಕರ ಮನೆಗೆ ಮಗಳನ್ನು ಕಳಿಸಲು ಯಾವ ತಂದೆ-ತಾಯಿಗೂ ಧೈರ್ಯ ಬರುವುದಿಲ್ಲ.

ಅವಧಿ ಮೂರು ವಾರಕ್ಕಿಂತ ಕಡಿಮೆ ಬೇಡ, ಎಂಟು ವಾರಕ್ಕಿಂತ ಜಾಸ್ತಿ ಬೇಡ. ಮೊದಲ ವಾರ ಕಲಿಯುವುದರಲ್ಲೇ ಹೋಗುತ್ತದೆ. ಎರಡು ತಿಂಗಳು ದಾಟಿದ ಮೇಲೆ ಉತ್ಸಾಹ ಇಳಿದು ಅದು ಸಂಬಳವಿಲ್ಲದ ನೌಕರಿ ಆಗಿಬಿಡುತ್ತದೆ. ಅಷ್ಟು ಒಳ್ಳೆಯವರು ಸಿಕ್ಕಿದ್ದರೆ ಸಂಬಳ ಕೊಟ್ಟೇ ಇಟ್ಟುಕೊಳ್ಳಿ. ಒಬ್ಬರಿಗಿಂತ ಇಬ್ಬರನ್ನು ಒಟ್ಟಿಗೆ ಕರೆಸುವುದು ಮೇಲು. ತೋಟದ ನಡುವಿನ ಮನೆಯಲ್ಲಿ ಒಂಟಿತನ ಬೇಗ ಕಾಡುತ್ತದೆ. ಮೂವರಾದರೆ ಮಾತ್ರ ಕೆಲಸ ಹಂಚುವುದು ತಲೆನೋವು.

ಒಂದು ಪುಟದ ಕಾಗದ

ಬರುವ ಮುಂಚೆಯೇ ಒಂದು ಪುಟ ಬರೆದು ಕಳಿಸಿ, ಇಬ್ಬರೂ ಒಪ್ಪಿ ಸಹಿ ಹಾಕಿ. ದಿನಾಂಕ, ವಾರದ ಗಂಟೆಗಳ ಪಟ್ಟಿ, ಮಾಡುವ ಕೆಲಸ, ಮಾಡದ ಕೆಲಸ, ಊಟ-ವಸತಿ, ರಜೆ, ಕಾಯಿಲೆ ಬಿದ್ದರೆ ಊಟ-ವಸತಿ ಮುಂದುವರಿಯುತ್ತದೆ ಎಂಬ ಮಾತು, ಒಡೆದ ತಟ್ಟೆ-ಲೋಟಕ್ಕೆ ದುಡ್ಡು ಕೇಳುವುದಿಲ್ಲ ಎಂಬುದು, ಯಾರಿಗೆ ಬೇಡವಾದರೂ ಮೂರು ದಿನ ಮುಂಚೆ ಹೇಳಿ ಬಿಡಬಹುದು ಎಂಬುದು. ಫೋಟೋ-ವಿಡಿಯೋ ಯಾರದ್ದು ಎಂಬುದನ್ನೂ ಬರೆಯಿರಿ. ಅವರು ತೆಗೆದ ಚಿತ್ರವನ್ನು ನಿಮ್ಮ ಪೇಜಿನಲ್ಲಿ ಹಾಕಲು ಒಪ್ಪಿಗೆ ಬೇಕು, ಅತಿಥಿಗಳ ಮುಖ ಅವರ ರೀಲ್ಸ್‌ನಲ್ಲಿ ಬರಲು ಅತಿಥಿಗಳ ಒಪ್ಪಿಗೆ ಬೇಕು.

ಗುರುತಿಗೆ ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಪ್ರತಿ ಸಾಕು, ಮೂಲ ದಾಖಲೆ ಇಟ್ಟುಕೊಳ್ಳುವ ಪದ್ಧತಿ ಬೇಡವೇ ಬೇಡ. ಮನೆಯವರ ಒಬ್ಬರ ಫೋನ್ ನಂಬರ್ ತೆಗೆದುಕೊಳ್ಳಿ, ನಿಮ್ಮ ನಂಬರನ್ನೂ ಅವರಿಗೆ ಕೊಡಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಹತ್ತಿರದ ಸರ್ಕಾರಿ ಆಸ್ಪತ್ರೆ, ಇವನ್ನು ರೂಮಿನ ಗೋಡೆಗೆ ಅಂಟಿಸಿ.

ಅನೇಕರಿಗೆ ಗೊತ್ತಿಲ್ಲದ ಸಂಗತಿ: ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ರಕ್ಷಣೆ ಸಂಬಳವಿಲ್ಲದೆ ಸ್ವಯಂಸೇವೆ ಮಾಡುವವರಿಗೂ ಇದೆ. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರುವುದಿಲ್ಲ, ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಇದನ್ನು ಬಂದ ದಿನವೇ ತಿಳಿಸಿ. ಕುಡಿದ ಅತಿಥಿ ಕೆಟ್ಟದಾಗಿ ಮಾತಾಡಿದರೆ ವಾಲಂಟಿಯರ್ ಅಲ್ಲಿಂದ ಎದ್ದು ಬರಬಹುದು, ಮುಂದಿನದನ್ನು ನೀವು ನೋಡಿಕೊಳ್ಳುತ್ತೀರಿ ಎಂಬ ಭರವಸೆ ಬಾಯಲ್ಲೂ ಇರಲಿ, ಕಾಗದದಲ್ಲೂ ಇರಲಿ.

ಮೊದಲ ಮೂರು ದಿನ

ಭಾನುವಾರ ರಾತ್ರಿಯೋ ಸೋಮವಾರವೋ ಬರಲು ಹೇಳಿ, ಶುಕ್ರವಾರ ಬರಲು ಹೇಳಬೇಡಿ. ಅತಿಥಿಗಳ ಗಡಿಬಿಡಿಯಲ್ಲಿ ಏನನ್ನೂ ಕಲಿಸಲಾಗುವುದಿಲ್ಲ, ಸಿಡುಕು ಮಾತು ಬಂದುಬಿಡುತ್ತದೆ. ಮೊದಲ ದಿನ ಊಟ, ನಿದ್ದೆ, ಸುತ್ತಾಟ. ಎರಡನೆಯ ದಿನ ನೀವು ಒಂದು ರೂಮ್ ಮಾಡಿ ತೋರಿಸಿ, ಮೂರನೆಯ ದಿನ ಅವರು ಮಾಡಲಿ, ನೀವು ನೋಡಿ.

ರೂಮ್ ಕಲಿಸುವಾಗ ಕ್ರಮ ಮುಖ್ಯ. ಕಿಟಕಿ ತೆಗೆಯುವುದು, ಹಾಸಿಗೆ ಬಟ್ಟೆ ಕಿತ್ತು ಹೊರಗೆ ಹಾಕುವುದು, ಬಾತ್‌ರೂಮಿಗೆ ಕ್ಲೀನರ್ ಸುರಿದು ಹತ್ತು ನಿಮಿಷ ಬಿಡುವುದು, ಅಷ್ಟರಲ್ಲಿ ಧೂಳು ಒರೆಸಿ ಹೊಸ ಬೆಡ್‌ಶೀಟ್ ಹಾಸುವುದು, ಆಮೇಲೆ ಬಾತ್‌ರೂಮ್ ತಿಕ್ಕಿ ತೊಳೆಯುವುದು, ಕೊನೆಗೆ ಗುಡಿಸಿ ಒರೆಸಿಕೊಂಡು ಬಾಗಿಲ ಕಡೆಗೆ ಹಿಂದಕ್ಕೆ ಬರುವುದು. ಹೊಸಬರು ಮೊದಲು ನೆಲ ಒರೆಸಿ, ಆಮೇಲೆ ಒದ್ದೆ ಕಾಲಲ್ಲಿ ಹಾಸಿಗೆ ಹಾಸಲು ಹೋಗುತ್ತಾರೆ, ಎರಡೆರಡು ಸಲ ಕೆಲಸವಾಗುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಬೆರೆಸಿದರೆ ವಿಷಗಾಳಿ ಏಳುತ್ತದೆ. ಒಂದೇ ಬಗೆಯ ಕ್ಲೀನರ್ ಇಟ್ಟು ಉಳಿದದ್ದನ್ನು ಬೀಗದೊಳಗೆ ಇಡಿ. ಕೈಗವಸು ಕೊಡಿ.

ಮನೆಯ ಕೆಲಸದ ಅಕ್ಕ, ತೋಟದ ಅಣ್ಣಂದಿರಿಗೆ ಹೊಸಬರನ್ನು ಹೆಸರು ಹೇಳಿ ಪರಿಚಯಿಸಿ. ಯಾರು ಯಾರಿಗೆ ಕೆಲಸ ಹೇಳಬಹುದು ಎಂಬುದನ್ನು ಎಲ್ಲರೆದುರು ಸ್ಪಷ್ಟ ಮಾಡಿ. ಹತ್ತು ವರ್ಷದಿಂದ ಇರುವ ಅಕ್ಕನಿಗೆ ಇಂಗ್ಲಿಷ್ ಮಾತಾಡುವ ಹುಡುಗಿ ಮೊನ್ನೆ ಬಂದು ಆರ್ಡರ್ ಮಾಡಿದಂತೆ ಅನ್ನಿಸಿದರೆ ಅಲ್ಲಿಗೆ ಮನಸ್ತಾಪ ಶುರು. ಕನ್ನಡ ಬಾರದವರಿಗೆ "ತಿಂಡಿ ಆಯ್ತಾ ಅಕ್ಕ", "ನಾನು ಮಾಡ್ತೀನಿ", "ಇದು ಎಲ್ಲಿಡಬೇಕು" ಎಂಬಂಥ ಇಪ್ಪತ್ತು ಮಾತು ಬರೆದುಕೊಡಿ.

ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆ ಹುಳದಿಂದ ಹರಡುತ್ತದೆ. ತರಗೆಲೆ ಗುಡಿಸಲು, ಸೌದೆ ತರಲು ವಾಲಂಟಿಯರ್‌ಗಳನ್ನು ಕಾಡಿಗೆ ಕಳಿಸಬೇಡಿ. ತೋಟಕ್ಕೆ ಹೋಗುವಾಗ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಲಿ, ಬಂದು ಬಿಸಿನೀರಲ್ಲಿ ಸ್ನಾನ ಮಾಡಲಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ನಿಮಗೆ ಹೇಳಲಿ. ಹೊರಟು ಹೋದ ಮೇಲೂ ಎರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ಮಲೆನಾಡಿನಲ್ಲಿದ್ದೆ ಎಂದು ತಿಳಿಸುವಂತೆ ಹೇಳಿ. ಬೆಂಗಳೂರಿನ ಕ್ಲಿನಿಕ್‌ನಲ್ಲಿ ಅದು ತಾನಾಗಿ ಯಾರ ಮನಸ್ಸಿಗೂ ಬರುವುದಿಲ್ಲ.

ಎಲ್ಲಿ ಕೆಡುತ್ತದೆ

ಗಂಟೆ ಬೆಳೆಯುವುದು ಮೊದಲ ರೋಗ. "ಒಂದು ನಿಮಿಷ, ಇದೊಂದು ಕಾಫಿ ಕೊಟ್ಟು ಬಾ" ಎಂಬುದು ದಿನಕ್ಕೆ ಹತ್ತು ಸಲವಾದರೆ ರಜೆಯ ದಿನವೂ ಕೆಲಸದ ದಿನವೇ. ಅಡುಗೆಮನೆ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿ, ಬಂದ ಹೊತ್ತು ಬಿಟ್ಟ ಹೊತ್ತನ್ನು ಅವರೇ ಬರೆಯಲಿ. ದಸರಾ ಅಥವಾ ವರ್ಷದ ಕೊನೆಯ ವಾರ ಹೆಚ್ಚು ಮಾಡಿಸಿದ ಗಂಟೆಯನ್ನು ಮುಂದಿನ ವಾರ ಕಳೆಯಿರಿ.

ಊಟ ಎರಡನೆಯದು. ಅತಿಥಿಗಳಿಗೆ ಕಡುಬು-ಚಟ್ನಿ, ವಾಲಂಟಿಯರ್‌ಗೆ ಉಳಿದ ಅನ್ನ ಎಂಬ ಭೇದ ಯಾರ ಕಣ್ಣಿಗೂ ಬೀಳದೆ ಹೋಗುವುದಿಲ್ಲ. ಅತಿಥಿಗಳು ಒಂಬತ್ತೂವರೆಗೆ ತಿನ್ನುತ್ತಾರೆ, ಕೆಲಸ ಏಳೂವರೆಗೆ ಶುರು. ಹಾಗಾಗಿ ಏಳಕ್ಕೇ ಏನಾದರೂ ಹೊಟ್ಟೆಗೆ ಬೀಳಬೇಕು. ನಿಮ್ಮ ಮನೆಯಲ್ಲಿ ಮಾಂಸ, ಮೊಟ್ಟೆ ಇಲ್ಲದಿದ್ದರೆ ಜಾಹೀರಾತಿನಲ್ಲೇ ಹೇಳಿ.

ಇನ್ನು ಅವರ ಕಡೆಯ ತಪ್ಪುಗಳು. ತಡವಾಗಿ ಏಳುವುದು, ಕೆಲಸದ ಹೊತ್ತಲ್ಲಿ ಫೋನು, ಅತಿಥಿಗಳ ಜೊತೆ ರಾತ್ರಿ ಕೂತು ಕುಡಿಯುವುದು. ಮೊದಲ ಸಲವೇ, ಅದೇ ದಿನ, ಒಬ್ಬರೇ ಇರುವಾಗ ಹೇಳಿ. ಎರಡನೆಯ ಸಲಕ್ಕೆ ಕಾಗದ ತೆಗೆದು ಓದಿ. ಮೂರನೆಯದಕ್ಕೆ ಹೊರಡಲು ಹೇಳಬೇಕಾಗುತ್ತದೆ. ಹಾಗೆ ಕಳಿಸುವಾಗಲೂ ಬಸ್ ಇರುವ ಹೊತ್ತು ನೋಡಿ, ಬಸ್ ನಿಲ್ದಾಣದವರೆಗೆ ನೀವೇ ಬಿಟ್ಟುಬನ್ನಿ. ರಾತ್ರಿ ಹೊತ್ತಲ್ಲಿ ಯಾರನ್ನೂ ಹೊರಹಾಕಬಾರದು, ಅದೆಷ್ಟೇ ಕೋಪ ಬಂದಿರಲಿ.

ವಾರಕ್ಕೊಮ್ಮೆ ಸೋಮವಾರ ಸಂಜೆ ಕಾಲು ಗಂಟೆ ಕೂತು ಮಾತಾಡಿ. ಏನು ಕಷ್ಟವಾಗುತ್ತಿದೆ, ಮುಂದಿನ ವಾರ ಎಷ್ಟು ಬುಕಿಂಗ್ ಇದೆ, ಯಾವ ಕೆಲಸ ಬದಲಿಸೋಣ. ತೋಟದ ಬಗ್ಗೆ, ಅಡುಗೆಯ ಬಗ್ಗೆ ಅವರಿಗೆ ಕಲಿಯಬೇಕು ಅನ್ನಿಸಿದ್ದನ್ನು ಕೇಳಿ ಅದಕ್ಕೆ ಹೊತ್ತು ಮಾಡಿಕೊಡಿ. ಜನವರಿಯಲ್ಲಿ ಬಂದವರಿಗೆ ಕಾಫಿ ಹಣ್ಣು ಕೊಯ್ಯುವುದು, ಕಣದಲ್ಲಿ ಒಣಗಿಸುವುದನ್ನು ತೋರಿಸಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಹೂ ಅರಳಿ ತೋಟ ಬೆಳ್ಳಗಾದಾಗ ಆ ದಿನ ಕೆಲಸ ಸ್ವಲ್ಪ ಹಿಂದೆ ಬಿದ್ದರೂ ಕರೆದುಕೊಂಡು ಹೋಗಿ ತೋರಿಸಿ.

ಹೊರಡುವ ಮುಂಚಿನ ದಿನ ಅವರಿಂದ ಒಂದು ಪುಟ ಬರೆಸಿಕೊಳ್ಳಿ: ಗೀಸರ್ ಸ್ವಿಚ್ ಯಾವುದು, ಯಾವ ರೂಮಿನ ಚಿಲಕ ಗಟ್ಟಿ, ಯಾವ ನಾಯಿಗೆ ಅಪರಿಚಿತರು ಆಗುವುದಿಲ್ಲ, ಬಂದಾಗ ಯಾವುದು ಅರ್ಥವಾಗಲಿಲ್ಲ. ಮುಂದಿನವರಿಗೆ ನೀವು ಹೇಳುವುದಕ್ಕಿಂತ ಇದು ಹೆಚ್ಚು ಉಪಯೋಗ. ಅವರು ಮಾಡಿದ ಕೆಲಸ, ದಿನಾಂಕ ನಮೂದಿಸಿ ಸಹಿ ಮಾಡಿದ ಪತ್ರವನ್ನು ಕೈಯಲ್ಲೇ ಕೊಡಿ, ಆಮೇಲೆ ಮೇಲ್ ಮಾಡುತ್ತೇನೆ ಅಂದರೆ ಮರೆತುಹೋಗುತ್ತದೆ. ಜಾಲತಾಣದ ಮೂಲಕ ಬಂದವರಾದರೆ ಅವರ ಬಗೆಗಿನ ಅಭಿಪ್ರಾಯವನ್ನು ಅದೇ ವಾರ ಬರೆಯಿರಿ. ನಿಮ್ಮ ಬಗ್ಗೆ ಒಳ್ಳೆಯದೇ ಬರೆಯಬೇಕು ಎಂದು ಕೇಳಬೇಡಿ. ಇಟ್ಟುಕೊಂಡ ಆಧಾರ್ ಪ್ರತಿ ಮತ್ತು ಸಹಿ ಮಾಡಿದ ಕಾಗದವನ್ನು ಒಂದು ಫೈಲಿನಲ್ಲಿ ಬೀಗ ಹಾಕಿಡಿ, ರೂಮಿನ ಬೀಗದ ಕೈ ವಾಪಸ್ ಪಡೆಯಿರಿ, ವೈಫೈ ಮತ್ತು ಬುಕಿಂಗ್ ಖಾತೆಯ ಪಾಸ್‌ವರ್ಡ್ ಬದಲಿಸಿ.